ಮುಚ್ಚಿಸಿದ ಮಗ್ಗದ ಕುಣಿ

ಈ ಪ್ರಕರಣದ ಕೆಲವು ವಿವರಗಳು ನನ್ನ ನೆನಪಿನಲ್ಲಿ ತಪ್ಪಿರಬಹುದು. ರಾಚಪ್ಪನವರ ಮನೆಗೆ ಹೋದದ್ದು ಶ್ರಾವಣದಲ್ಲಿ ಎಂದು ಬಹಳ ದಿನ ನಂಬಿದ್ದೆ. ದಿನಚರಿ ತೆಗೆದು ನೋಡಿದರೆ ಆಗಲೇ ದಸರಾ ಕಳೆದಿತ್ತು. ಆ ಪುಟದಲ್ಲಿರುವುದು ಇಷ್ಟೇ: ‘ಬೆಟಗೇರಿ, ಕುರ್ತಕೋಟಿ, ಸೊರಟೂರು. ನಾಲ್ಕು ಮನೆ ಮುಗಿದವು. ಸಂಜೆ ಅಕ್ಕನ ಊರು.’

ನಿವೃತ್ತಿಗೆ ಆಗ ಐದು ವರ್ಷವಿತ್ತು. ಗದಗದ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಪಾರ್ಶ್ವವಾಯು ಹೊಡೆದವರು ಮನೆಗೆ ಮರಳಿದ ಮೇಲೆ ಅಲ್ಲಿಗೇ ಹೋಗಿ, ಎಡವಿ ಬೀಳುವಂಥ ಜಾಗಗಳನ್ನು ಗುರುತಿಸಿ ಸರಿಪಡಿಸಲು ಹೇಳುವುದು ನನ್ನ ಕೆಲಸದ ಒಂದು ಭಾಗ. ಇದಕ್ಕೆ ಹೋಮ್ ಅಸೆಸ್‌ಮೆಂಟ್ ಎನ್ನುತ್ತೇವೆ. ಹೊಸ್ತಿಲು, ಬಚ್ಚಲು, ಮೆಟ್ಟಿಲು ಎಂದು ಒಂದು ಫಾರ್ಮ್ ಇರುತ್ತದೆ.

ರಾಚಪ್ಪ ಬೆಟಗೇರಿಯ ನೇಕಾರರು, ಅರವತ್ತೊಂದು ವರ್ಷ. ಬಲಗೈ, ಬಲಗಾಲು ಎರಡೂ ಸೋತಿದ್ದವು. ಮಾತು ಬರುತ್ತಿತ್ತು, ಆದರೆ ತಡವಾಗಿ. ಒಂದೊಂದು ಶಬ್ದಕ್ಕೂ ಕಾಯಬೇಕಿತ್ತು. ಪಡಸಾಲೆಯ ಅರ್ಧ ಜಾಗ ಅವರ ಕುಣಿ ಮಗ್ಗದ್ದು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಅದರ ಅಂಚಿನ ಮೇಲೆ ಕೂತು, ಕೆಳಗಿನ ತುಳಿಹಲಗೆಗಳನ್ನು ತುಳಿಯುತ್ತ ನೇಯುವ ಮಗ್ಗ ಅದು. ನನ್ನ ಕಣ್ಣಿಗೆ ಬಿದ್ದದ್ದು ಮಗ್ಗವಲ್ಲ, ಎರಡೂವರೆ ಅಡಿ ಆಳದ ಅಪಾಯ.

“ಇದನ್ನ ಮುಚ್ಚಬೇಕ್ರಿ,” ಎಂದೆ.

ಅವರ ಹೆಂಡತಿ ಗಂಗವ್ವ ಗಂಡನ ಮುಖ ನೋಡಿದಳು. “ಮ್ಯಾಲೊಂದು ಹಲಗಿ ಹಾಕಿದ್ರ ಸಾಲೂದಿಲ್ಲೇನ್ರಿ, ಬಾಯಾರ?”

“ಹಲಗಿ ಜಾರತೈತಿ. ಮಣ್ಣ ತುಂಬಿ ಮ್ಯಾಲೆ ಫರಸಿ ಕಲ್ಲ ಹಾಕಿಸ್ರಿ.”

ರಾಚಪ್ಪ ಬಾಯಿ ತೆರೆದರು. ತುಟಿ ಅಲುಗಿತು. ಇನ್ನೂ ಮೂರು ಮನೆ ಬಾಕಿಯಿದ್ದವು, ಆಮೇಲೆ ಅಕ್ಕನ ಊರಾದ ಲಕ್ಷ್ಮೇಶ್ವರದ ಬಸ್ಸು. ನಾನು ಫಾರ್ಮಿಗೆ ಸಹಿ ಹಾಕಿ ಎದ್ದೆ. ಅವರು ಬಾಯಿ ತೆರೆದದ್ದು ಖರೆಯೋ, ನನ್ನ ಪಶ್ಚಾತ್ತಾಪ ಆಮೇಲೆ ಸೇರಿಸಿದ್ದೋ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಗಂಗವ್ವ ನೋಡಿದ್ದು ಮಾತ್ರ ಖರೆ.

ಏಳು ತಿಂಗಳ ನಂತರ ಅವರು ಕೋಲು ಹಿಡಿದು ತಾವೇ ಆಸ್ಪತ್ರೆಗೆ ನಡೆದು ಬಂದರು. ಮಾತು ಬಹಳ ಸುಧಾರಿಸಿತ್ತು. ಕೈ ಮಾತ್ರ ಹಾಗೇ ಇತ್ತು: ಎಡಗೈಯ ಹಿಡಿತ ಇಪ್ಪತ್ತಾರು ಕಿಲೋ, ಬಲಗೈಯದು ನಾಲ್ಕು. ಲಾಳಿ ಓಡಿಸುವ ಹಗ್ಗವನ್ನು ದಿನವಿಡೀ ಎಳೆಯಲು ಅದು ಸಾಲದು. ಇದನ್ನು ಹೇಗೆ ಹೇಳಲಿ ಎಂದು ತಡವರಿಸುತ್ತಿದ್ದಾಗ ಅವರೇ ನಕ್ಕರು.

“ಕೈ ಬರೂದಿಲ್ಲಂತ ನನಗ ಅವತ್ತ ಗೊತ್ತಿತ್ರಿ. ಕಾಲಾದ್ರೂ ಕುಣ್ಯಾಗ ಬಿಟ್ಟು ಕುಂಡ್ರಬೇಕಂತಿದ್ದೆ. ನಮ್ಮಪ್ಪ ನನ್ನ ಕಾಲಿನ ಅಳತಿ ಹಿಡದು ತೋಡಿದ ಕುಣಿರಿ ಅದು. ಕುಂಡ್ರೂ ಜಾಗಾನೂ ಮುಚ್ಚಿಸಿಬಿಟ್ರಿ.”

ಬೈದಿದ್ದರೆ ಹಗುರಾಗುತ್ತಿತ್ತು. ಮತ್ತೆ ತೋಡಿಸೋಣವೇ ಎಂದೆ. ಮಗ್ಗ ಬಿಚ್ಚಿ ಅಟ್ಟಕ್ಕೇರಿಸಿ ಆಗಿದೆ ಎಂದರು.

ಮುಂದಿನ ವರ್ಷ ಬೆಟಗೇರಿಗೆ ಬೇರೆ ರೋಗಿಯನ್ನು ನೋಡಲು ಹೋದಾಗ ಅವರ ಮನೆಗೂ ಹೋದೆ. “ಬಾಜೂ ಮನ್ಯಾಗ ಅದಾರ್ರಿ,” ಎಂದಳು ಗಂಗವ್ವ. ಆ ಮನೆಯ ಸೊಸೆ ಶಾಂತಾ ಹೊಸದಾಗಿ ನೇಯಲು ಕಲಿಯುತ್ತಿದ್ದಳು. ರಾಚಪ್ಪ ಅವಳ ಕುಣಿಯ ಅಂಚಿನಲ್ಲಿ ಬಲಗಾಲು ಇಳಿಬಿಟ್ಟು ಕಣ್ಣು ಮುಚ್ಚಿ ಕೂತಿದ್ದರು.

“ಎಡಗಾಲ ತಡಾ ಆತು,” ಎಂದರು, ಕಣ್ಣು ತೆರೆಯದೆ.

“ಕಣ್ಣ ಮುಚ್ಚಿ ಕುಂತು ಹೆಸರ ಇಡ್ತೀರಲ್ಲ, ಕಾಕಾ!”

“ಕಣ್ಣ ಯಾಕವಾ? ನಿನ್ನ ಮಗ್ಗ ಕುಂಟೂದು ರೇಲ್ವೆ ಸ್ಟೇಷನ್ನಿಗೂ ಕೇಳತೈತಿ.”

ಅವಳು ನಗುತ್ತ ಮತ್ತೆ ತುಳಿದಳು. ಈ ಸಲ ಸದ್ದು ಸರಿಯಾಗಿ ಬಂತು. ರಾಚಪ್ಪನವರ ತಲೆ ಅದರ ಜೊತೆ ತೂಗಿತು. ನನಗೆ ನಿರಾಳವೆನಿಸಿ ಕೇಳಿದೆ, “ಈಗ ಆರಾಮ ಅನಸ್ತೈತೇನ್ರಿ?”

ಅವರು ಉತ್ತರ ಹುಡುಕಿದರು. ಈ ಸಲ ಕಾದೆ.

“ಬೆಳಿಗ್ಗೆ ಏಳಾಕ ಒಂದು ಕಾರಣ ಐತ್ರಿ. ಈಕಿಗೆ ಕಲಸ್ತೀನಿ. ಆದ್ರ ಬಾಯಾರ, ಇದು ಈಕಿ ಮಗ್ಗ.”

ಅಂದಿನಿಂದ ಯಾವ ಮನೆಗೆ ಹೋದರೂ ಫಾರ್ಮ್ ತೆಗೆಯುವ ಮೊದಲು, ‘ಇಲ್ಲಿ ಕೂತು ನೀವೇನು ಮಾಡುತ್ತಿದ್ದಿರಿ?’ ಎಂದು ರೋಗಿಯನ್ನೇ ಕೇಳುತ್ತಿದ್ದೆ. ಉತ್ತರ ಬರುವವರೆಗೆ ಪೆನ್ನು ಮುಟ್ಟುತ್ತಿರಲಿಲ್ಲ. ವೃತ್ತಿ ಕಲಿಸಿದ್ದು ಇಷ್ಟು, ಅದೂ ತಡವಾಗಿ.

ದಿನಚರಿಯ ಆ ಪುಟದ ಕೊನೆಯ ಮಾತು, ‘ಸಂಜೆ ಅಕ್ಕನ ಊರು,’ ಈಚೆಗೆ ನನ್ನನ್ನು ಬಿಡುತ್ತಿಲ್ಲ. ಕಸೂತಿ ಎಂದರೆ ನನ್ನ ಅಕ್ಕನಿಗೆ ಜೀವ. ಕಣ್ಣು ಮಂಜಾಗಿ ಬೆರಳಿಗೆ ಸೂಜಿ ಚುಚ್ಚಿಕೊಳ್ಳುತ್ತಿದ್ದಳು. ಅವತ್ತು ಸಂಜೆ ಲಕ್ಷ್ಮೇಶ್ವರದಲ್ಲಿ ಅವಳ ಸೂಜಿ-ದಾರದ ಡಬ್ಬಿಯನ್ನು ನನ್ನ ಚೀಲಕ್ಕೆ ಹಾಕಿಕೊಂಡು ಬಂದೆ. ಅದು ಇಷ್ಟು ವರ್ಷ ನನ್ನ ಕಪಾಟಿನಲ್ಲೇ ಇತ್ತು. ಅವಳು ಒಮ್ಮೆಯೂ ವಾಪಸ್ ಕೇಳಿರಲಿಲ್ಲ.

ಹೋದ ವಾರ ಡಬ್ಬಿ ತೆಗೆದುಕೊಂಡು ಹೋಗಿ ಅವಳ ತೊಡೆಯ ಮೇಲಿಟ್ಟೆ. ಅವಳು ಮುಚ್ಚಳದ ಮೇಲೆ ಕೈಯಾಡಿಸುತ್ತ ಕೂತಳು, ತೆರೆಯಲಿಲ್ಲ. ಕಾದೆ. ಕೊನೆಯ ಬಸ್ಸಿನ ಹೊತ್ತಾಗುವವರೆಗೂ ಕಾದೆ. ಅಷ್ಟು ಹೊತ್ತಿನಲ್ಲಿ ನಾನು ಕೇಳಿದ್ದು ಇಷ್ಟೇ:

“ಅಕ್ಕಾ, ಅವತ್ತ ನಾ ಇದನ್ನ ಚೀಲದಾಗ ಹಾಕೋ ಮುಂದ ನೀ ಏನೋ ಹೇಳಾಕತ್ತಿದ್ದಿ. ಏನು ಹೇಳಾಕತ್ತಿದ್ದಿ?”