ಹಾಸಿಗೆ ಹೇಳಿದ ನಿದ್ದೆಯ ಸುದ್ದಿ

ಬೆಳಗಿನ ಐದೂವರೆ. ಕಿಟಕಿಯ ಗಾಜು ಇನ್ನೂ ಬೂದುಬಣ್ಣದಲ್ಲಿದೆ. ಉದ್ದನೆಯ ವಾರ್ಡಿನೊಳಕ್ಕೆ ತಳ್ಳುಗಾಡಿಯೊಂದು ಸದ್ದಿಲ್ಲದೆ ಬರುತ್ತದೆ. ಅದರ ಚಕ್ರಗಳಿಗೆ ವಾರಕ್ಕೊಮ್ಮೆ ಎಣ್ಣೆ ಬಿಡುವವರೂ ಅದನ್ನು ತಳ್ಳುವವರೂ ಒಬ್ಬರೇ. ಆಸ್ಪತ್ರೆಯ ಎಲ್ಲರ ಬಾಯಲ್ಲೂ ಅವರು ‘ಚಾದರದಕ್ಕ’. ಮೊದಲ ಮಂಚದವರು ಮುಖ ತೊಳೆಯಲು ಎದ್ದುಹೋಗಿದ್ದಾರೆ. ಚಾದರಕ್ಕೆ ಕೈಹಚ್ಚುವ ಮುನ್ನ ಅಕ್ಕ ಒಂದು ಗಳಿಗೆ ಸುಮ್ಮನೆ ನಿಂತು ನೋಡುತ್ತಾರೆ, ಬಾವಿಗೆ ಬಗ್ಗಿ ನೀರೆಷ್ಟಿದೆ ಎಂದು ನೋಡುವವರ ಹಾಗೆ.

“ನಡುವೆ ಗುಳಿ ಬಿದ್ದಿದೆ, ಅಂಚು ಜರುಗಿಲ್ಲ. ಚೆನ್ನಾಗಿ ಮಲಗಿದಾರೆ.” ಎರಡನೆಯ ಮಂಚದಲ್ಲಿ ದಿಂಬು ಮಗುಚಿದೆ. “ಇವರಿಗೆ ಸೆಕೆ. ದಿಂಬಿನ ತಣ್ಣನೆ ಮಗ್ಗುಲು ಹುಡುಕಿದಾರೆ.”

ದಿನಕ್ಕೆ ಮೂರು ವಾರ್ಡು, ನಲವತ್ತು ಮಂಚ, ಎಂಬತ್ತು ಚಾದರ. ಇಪ್ಪತ್ತೆರಡು ವರ್ಷದಿಂದ ಇದೇ. “ಸೊಂಟ ಅಂತ ಒಂದಿದೆ ಅನ್ನೋದು ಮರೆತೇ ಹೋಗ್ತಿತ್ತು, ಪುಣ್ಯಕ್ಕೆ ಅದೇ ಆಗಾಗ ಹಿಡ್ಕೊಂಡು ನೆನಪು ಮಾಡುತ್ತೆ” ಎಂದು ನಗುತ್ತಾರೆ. ಹಾಸಿಗೆ ಓದುವುದನ್ನು ಕಲಿತದ್ದು ಮಾತ್ರ ಮನೆಯಲ್ಲಿ. ಪಾರ್ಶ್ವವಾಯು ಬಡಿದು ಅತ್ತೆಗೆ ಮಾತು ನಿಂತುಹೋಗಿತ್ತು. ಎಲ್ಲಿ ನೋಯುತ್ತಿದೆ, ಯಾವ ಹೊತ್ತಿಗೆ ಚಳಿಯಾಯಿತು ಎಂಬುದನ್ನೆಲ್ಲ ಚಾದರದ ಸುಕ್ಕಿನಿಂದಲೇ ತಿಳಿಯಬೇಕಿತ್ತು. “ನಾಲ್ಕು ವರ್ಷ ಹಾಸಿಗೆನೇ ನಮ್ಮತ್ತೆಗೆ ಬಾಯಿ.”

ಈ ಮೊದಲನೆಯ ವಾರ್ಡಿನಲ್ಲಿ ಹೊಸ ಮದ್ದೊಂದರ ಪರೀಕ್ಷೆ ನಡೆಯುತ್ತಿದೆ. ಉಂಡಾಗ ನಮ್ಮ ಕರುಳು ತಾನಾಗಿ ಸ್ರವಿಸುವ ಹಾರ್ಮೋನಿನ ವೇಷ ತೊಟ್ಟ ಪೆಪ್ಟೈಡ್, ಅಂದರೆ ಪ್ರೋಟೀನಿನ ಪುಟ್ಟ ತುಣುಕು. ಸೂಜಿಯ ದಾರಿಯಲ್ಲಿ ಒಳಹೊಕ್ಕು ರಕ್ತದ ಸಕ್ಕರೆಯನ್ನು ತಗ್ಗಿಸಿ ಬರಬೇಕು. ಅದಕ್ಕೆ ವಹಿಸಿದ ಕೆಲಸ ಅಷ್ಟೇ. ಎಂಟು ಮಂದಿ ವಾರಕ್ಕೆ ಎರಡು ರಾತ್ರಿ ಇಲ್ಲೇ ಮಲಗುತ್ತಾರೆ.

ಐದನೆಯ ಮಂಚ ಒಬ್ಬ ನಿವೃತ್ತ ಬಸ್ ಚಾಲಕರದು. ಸಕ್ಕರೆ ಕಾಯಿಲೆಯಿಂದಾಗಿ ಎರಡು ವರ್ಷದಿಂದ ಮಾಯದ ಹುಣ್ಣಿಗೆ ಕಾಲಿನ ಹೆಬ್ಬೆರಳನ್ನೇ ತೆಗೆಯಬೇಕೆಂಬ ಮಾತಾಗಿತ್ತು. ಈ ಮದ್ದು ಶುರುವಾದ ಮೇಲೆ ಹುಣ್ಣು ಒಣಗತೊಡಗಿತು. ಫಾರಮ್ಮಿನಲ್ಲಿ ‘ನಿದ್ದೆ ಹೇಗಿತ್ತು?’ ಎಂಬ ಸಾಲಿಗೆ ಅವರದು ಪ್ರತಿಸಲವೂ ‘ಚೆನ್ನಾಗಿತ್ತು’. ಎದ್ದ ಮೇಲೆ ಎಣಿಸಿದ ನಾಡಿ ತುಸು ಜೋರಿದ್ದರೂ, ನಡೆದಾಡಿ ಬಂದವರಿಗೆ ಅಷ್ಟಿರುವುದು ಸಹಜವೆಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಅಕ್ಕನಿಗೆ ಮಾತ್ರ ಆ ಮಂಚ ಕಣ್ಣಿಗೆ ಚುಚ್ಚುತ್ತಿತ್ತು. ಒಂದು ಸುಕ್ಕಿಲ್ಲ, ನಾಲ್ಕು ಮೂಲೆಯೂ ಬಿಗಿ.

“ಯಜಮಾನ್ರೇ, ಇದರ ಮೇಲೆ ಯಾರಾದ್ರೂ ಮಲಗಿದ್ರಾ?” ಎಂದು ಒಂದು ಬೆಳಿಗ್ಗೆ ಕೇಳಿಯೇಬಿಟ್ಟರು.

“ನಾನೇ ಮಲಗಿದ್ದು. ಮೂವತ್ತು ವರ್ಷ ಬಸ್ ಓಡಿಸಿದೀನಮ್ಮ, ಶಿಸ್ತಿನ ಮನುಷ್ಯ.”

“ಶಿಸ್ತು ಎದ್ದ ಮೇಲೆ ಬರುತ್ತೆ, ನಿದ್ದೇಲಿ ಯಾರಿಗೂ ಬರಲ್ಲ. ದಿಂಬಿನ ಅಡಿ ಯಾಕೆ ಇಷ್ಟು ಒದ್ದೆ?”

ಚಾಲಕರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. “ಕಣ್ಣು ಮುಚ್ಚಿದ್ರೆ ಸಾಕು, ಎದೆ ಇಳಿಜಾರಲ್ಲಿ ಬ್ರೇಕ್ ಹೋದ ಬಸ್ಸಿನ ಥರ ಓಡುತ್ತೆ. ಬೆವರಿ ಎದ್ದು ಕೂತಿರ್ತೀನಿ, ಬೆಳಗಾಗೋ ಮುಂಚೆ ಚಾದರ ಎಳೆದು ಬಿಗಿ ಮಾಡ್ತೀನಿ. ಹೇಳ್ಬೇಡ ಕಣಮ್ಮ. ಹೇಳಿದ್ರೆ ಪಟ್ಟಿಯಿಂದ ತೆಗೀತಾರೆ, ಬೆರಳು ಹೋಗುತ್ತೆ.”

ಅವತ್ತು ಅಕ್ಕನ ಕೈ ಕೆಲಸದಲ್ಲಿತ್ತು, ಮನಸ್ಸು ಐದನೆಯ ಮಂಚದಲ್ಲಿತ್ತು. ದಿಂಬಿನ ಚೀಲಗಳನ್ನು ಒಳಹೊರಗಾಗಿ ತೊಡಿಸಿ ನರ್ಸಮ್ಮನಿಂದ ಬೈಸಿಕೊಂಡರು. “ಅವರ ಬೆರಳಿನ ಮೇಲೆ ನನಗೇನು ಹಕ್ಕು ಹೇಳಿ? ಆದ್ರೆ ಎದೆ ನಿಂತುಹೋದ್ರೆ ಬೆರಳು ಕಟ್ಕೊಂಡು ಏನ್ ಮಾಡೋದು? ನಂಗೆ ಗೊತ್ತಿದ್ದೂ ಸುಮ್ಮನಿದ್ದೆ ಅಂತಾಗುತ್ತಲ್ಲ.” ಮಧ್ಯಾಹ್ನ ಈ ಪರೀಕ್ಷೆ ನಡೆಸುವ ಡಾಕ್ಟರಮ್ಮನ ಬಾಗಿಲ ಮುಂದೆ ನಿಂತು ಎಲ್ಲ ಹೇಳಿಬಿಟ್ಟರು.

ಡಾಕ್ಟರಮ್ಮ ನಗಲಿಲ್ಲ. ಮುಂದಿನ ಸರದಿಯಲ್ಲಿ, ನಿದ್ದೆಯಲ್ಲೂ ನಾಡಿ ಬರೆದಿಡುವ ಪಟ್ಟಿಯನ್ನು ಎಂಟೂ ಮಂದಿಯ ಎದೆಗೆ ಕಟ್ಟಿಸಿದರು. ಮದ್ದಿಗೆ ಮುಂಚೆ ಹಗಲಲ್ಲಿ ಸುಮ್ಮನೆ ಮಲಗಿದ್ದಾಗ ನಿಮಿಷಕ್ಕೆ ಅರವತ್ತೆರಡು ಬಡಿಯುತ್ತಿದ್ದ ಚಾಲಕರ ಎದೆ ಈಗ ನಿದ್ದೆಯಲ್ಲೇ ತೊಂಬತ್ತು ದಾಟಿತ್ತು. ಇನ್ನಿಬ್ಬರದೂ ಏರಿತ್ತು, ನಿದ್ದೆ ತುಂಡುತುಂಡಾಗಿತ್ತು. “ಸಕ್ಕರೆಗೆಂದು ಕಳಿಸಿದ ಮದ್ದು ಹೃದಯದ ಬಾಗಿಲನ್ನೂ ತಟ್ಟುತ್ತಿತ್ತು. ನಾವು ಹಗಲು ಮಾತ್ರ ಕಿವಿಗೊಟ್ಟಿದ್ದೆವು” ಎನ್ನುತ್ತಾರೆ ಡಾಕ್ಟರಮ್ಮ.

ಚಾಲಕರನ್ನು ಪರೀಕ್ಷೆಯ ಪಟ್ಟಿಯಿಂದ ತೆಗೆಯಲಿಲ್ಲ. ಎರಡು ವಾರ ಸೂಜಿ ನಿಲ್ಲಿಸಿ, ಆಮೇಲೆ ಅರ್ಧ ಪ್ರಮಾಣದಲ್ಲಿ ಮತ್ತೆ ಶುರುಮಾಡಿದರು. ಹುಣ್ಣು ನಿಧಾನವಾಗಿಯಾದರೂ ಒಣಗುತ್ತಿದೆ, ಬೆರಳು ಉಳಿದಿದೆ. ಆದರೆ ಮನುಷ್ಯನ ಮುನಿಸು ಸೂಜಿಯ ಲೆಕ್ಕ ಕೇಳುತ್ತದೆಯೇ? ಮಾತು ಕೊಡದಿದ್ದರೂ ಮಾತಿಗೆ ತಪ್ಪಿದವಳೆಂದು, ಗಾಡಿ ಬಂದೊಡನೆ ಅವರು ಗೋಡೆಯತ್ತ ಮುಖ ತಿರುಗಿಸುತ್ತಾರೆ. ಹಾಗೆ ಐದು ವಾರ.

ಸಂಶೋಧನೆಯ ವರದಿಯಲ್ಲಿ ನಿಮ್ಮ ಹೆಸರು ಬರಬೇಕಲ್ಲವೇ ಎಂದರೆ ಅಕ್ಕ ಬೇಡವೆಂದು ಕೈಯಾಡಿಸುತ್ತಾರೆ. “ನನ್ನ ಹೆಸರು ತಗೊಂಡು ಏನ್ ಮಾಡ್ತಾರೆ? ಆ ಯಜಮಾನ್ರು ಒಂದು ಮಾತಾಡಿದ್ರೆ ಸಾಕು.”

ಗಾಡಿ ಐದನೆಯ ಮಂಚದ ಬಳಿ ನಿಲ್ಲುತ್ತದೆ. ಅಂಚುಗಳೆಲ್ಲ ಕಿತ್ತು, ಹೊದಿಕೆ ಅರ್ಧ ನೆಲಕ್ಕೆ ಜಾರಿ, ಚಾಲಕರು ಬಾಯಿ ತೆರೆದು ಮಲಗಿದ್ದಾರೆ. ಅಕ್ಕ ಸದ್ದಿಲ್ಲದೆ ಹೊದಿಕೆ ಎತ್ತುವಷ್ಟರಲ್ಲಿ ಒಂದು ಕಣ್ಣು ತೆರೆಯುತ್ತದೆ.

“ಏನಮ್ಮ ನಿನ್ನ ಕಾಟ! ಇನ್ನರ್ಧ ಗಂಟೆ ಬಿಟ್ಟು ಸಾಯೋಕಾಗಲ್ವಾ?” ಎಂದವರೇ ಹೊದಿಕೆ ಕಿತ್ತುಕೊಂಡು ಮಗ್ಗುಲಾಗುತ್ತಾರೆ.

ಅಕ್ಕ ಗಾಡಿಯನ್ನು ಆರನೆಯ ಮಂಚಕ್ಕೆ ತಳ್ಳುತ್ತಾರೆ. ಮುಖ ಅರಳಿದೆ.

“ಕೇಳಿದ್ರಾ? ನಿದ್ದೆಗೆಟ್ಟವರು ಹೀಗೆ ಬೈಯಲ್ಲ. ಇದು ನಿದ್ದೆ ತುಂಬಿದವರ ಬೈಗುಳ.”