ಸುಣ್ಣದ ಗೀಟಿನ ಕಾಯಿಗಳು

ಶೆಟ್ಟಿಕೆರೆ ಕಡೆಯ ನಮ್ಮ ತೋಟಕ್ಕೂ ಪಕ್ಕದ ತೋಟಕ್ಕೂ ನಡುವೆ ಒಂದು ಬದು. ಅದರ ಮೇಲೆ ಎರಡು ತೆಂಗಿನ ಮರ. ಪಕ್ಕದವರು ಸಂಬಂಧದಲ್ಲಿ ನನಗೆ ದೊಡ್ಡಪ್ಪನಾಗಬೇಕು. ಹೋದ ಬೇಸಿಗೆಯಲ್ಲಿ ಆ ಮರಗಳು ಯಾರವು ಎಂದು ಜಗಳವಾಗಿ ಅಪ್ಪನೂ ಅವರೂ ಮಾತು ಬಿಟ್ಟರು. ಬಿಡುವ ಮುಂಚೆ ಒಂದಕ್ಕೆ ಒಪ್ಪಿದ್ದರು: ಸರ್ವೆಯವರು ಬಂದು ಅಳೆಯುವವರೆಗೆ ಆ ಕಾಯನ್ನು ಯಾರೂ ಬಳಸಬಾರದು. ಅವರ ಅಟ್ಟಕ್ಕೆ ಗೆದ್ದಲು ಹಿಡಿದಿದ್ದರಿಂದ ನಮ್ಮ ಅಟ್ಟದಲ್ಲೇ ಬೇರೆಯಾಗಿಡಬೇಕು. ಲೆಕ್ಕ ನಾನು ಬರೆಯಬೇಕು.

"ಬಸ್ಸು ಎಷ್ಟು ನಿಮಿಷ ತಡ ಅಂತಾನೂ ಬರ್ಕೊಳ್ಳೋ ಹುಡುಗಿ, ಅವಳೇ ಇರ್ಲಿ ಬುಡು" ಎಂದಿದ್ದರು ದೊಡ್ಡಪ್ಪ.

ಪ್ರತಿ ಕಾಯಿಗೂ ಸುಣ್ಣದ ಗೀಟು ಎಳೆದೆ. ಮೊದಲ ಕೊಯ್ಲಿಗೆ ಮೂವತ್ತೊಂದು, ಎರಡನೆಯದಕ್ಕೆ ಇಪ್ಪತ್ತಾರು, ಒಟ್ಟು ಐವತ್ತೇಳು. ಅವು ಒಣಗಿ ಕೊಬ್ಬರಿಯಾಗಲು ಇನ್ನೂ ತಿಂಗಳುಗಳಿದ್ದವು. ಆದರೂ ಭಾನುವಾರ ಏಣಿ ಹತ್ತಿ ಎಣಿಸದಿದ್ದರೆ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಶ್ರಾವಣದ ಒಂದು ಭಾನುವಾರ ಐವತ್ತಾರು ಬಂತು. ಮತ್ತೆ ಎಣಿಸಿದೆ. ಸೋಮವಾರ ಎರಡು ಸಲ, ಮಂಗಳವಾರ ಮೂರು ಸಲ. ಬುಧವಾರ ಅಮ್ಮ ಏಣಿ ಹಿಡಿದು ನಿಂತಳು.

"ಎಷ್ಟು ಸಲ ಹತ್ತೀಯೇ? ಒಂದು ಕಮ್ಮಿ ತಾನೆ? ನಾನೇ ಕೊಟ್ಟೆ."

"ಯಾರಿಗೆ?"

"ನಿಮ್ಮ ದೊಡ್ಡಮ್ಮಂಗೆ ಕಣೇ. ನೆಂಟ್ರು ಬಂದವ್ರೆ, ಇದ್ದ ಕಾಯೆಲ್ಲ ಮಾರ್ಬುಟ್ಟವ್ರೆ. ಆತುರದಲ್ಲಿ ಕೈಗೆ ಸಿಕ್ಕಿದ್ದು ಕೊಟ್ಟೆ."

ಗಂಡಸರು ಮಾತು ಬಿಟ್ಟರೂ ಎರಡು ಮನೆಯ ನಡುವಿನ ಹಿತ್ತಿಲ ಬೇಲಿಯ ಬಳಿ ಇವರಿಬ್ಬರ ಹೆಪ್ಪು, ಕರಿಬೇವಿನ ಕೊಡುಕೊಳ್ಳುವಿಕೆ ನಿಂತಿರಲಿಲ್ಲವೆಂದು ನನಗೆ ತಿಳಿದದ್ದು ಆಗಲೇ.

"ನಿಮ್ಮಪ್ಪಂಗೆ ಗೊತ್ತಾದ್ರೆ ಈ ಕೊಡೋದು ತಗೊಳ್ಳೋದೂ ನಿಂತೋಗುತ್ತೆ. ನಮ್ಮ ರಾಶೀಲಿ ಒಂದು ತಗೊಂಡು ಗೀಟು ಎಳೆದುಬುಡು" ಎಂದಳು.

ಸುಣ್ಣದ ಡಬ್ಬಿ ತಂದೆ. ನಮ್ಮ ಕಾಯೊಂದನ್ನು ಕೈಗೆತ್ತಿಕೊಂಡೆ, ಇಟ್ಟೆ. ಮುಂದಿನ ಎರಡು ಭಾನುವಾರ ನನ್ನ ಪುಸ್ತಕದಲ್ಲಿ ತಾರೀಖು ಮಾತ್ರ ಇದೆ. ಎದುರಿಗೆ ಏನೂ ಇಲ್ಲ.

ಸರ್ವೆ ನೋಟಿಸು ಬಂದ ದಿನ ದೊಡ್ಡಪ್ಪ ಕಾಯಿ ನೋಡಲು ಬಂದರು. ಅಪ್ಪ ಕಂಬಕ್ಕೆ ಒರಗಿ ನಿಂತರು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

"ಐವತ್ತಾರು" ಎಂದೆ.

"ಐವತ್ತೇಳಲ್ವೇನೇ?" ಅಪ್ಪನ ದನಿ.

ದೊಡ್ಡಪ್ಪ ಟವಲ್ಲಿನಿಂದ ಕತ್ತು ಒರೆಸಿಕೊಂಡರು.

"ಆ ಒಂದು ನಮ್ಮನೇಲಿ ಸಾರಾಯ್ತು ಕಣಮ್ಮ. ನೀರೊಲೆಗೆ ಮಟ್ಟೆ ಹಾಕೋವಾಗ ಸುಣ್ಣದ ಗೀಟು ಕಾಣ್ತು. ನನ್ನ ಪಾಲಿಗೆ ಬರ್ಕೊ."

ಅಪ್ಪ ಅಡುಗೆಮನೆಯ ಬಾಗಿಲ ಕಡೆ ಒಮ್ಮೆ ನೋಡಿದರು.

"ನಿಮ್ಮಪ್ಪಂಗೆ ಹೇಳು, ಮರ ಮಾತ್ರ ನಂದೇ ಅಂತ" ಎಂದರು ದೊಡ್ಡಪ್ಪ.

ಎರಡು ಮಾರು ದೂರದಲ್ಲಿದ್ದ ಅಪ್ಪ, "ಸರ್ವೆಯವರು ಬರ್ಲಿ ಅಂತ ಹೇಳು ಅವರಿಗೆ" ಎಂದರು.

ಸಂಜೆ ಅಮ್ಮ ಹೆಪ್ಪಿನ ಲೋಟ ಹಿಡಿದು ಅಪ್ಪನ ಎದುರೇ ಬೇಲಿಯ ಕಡೆ ಹೊರಟಳು. ಅಪ್ಪ ಚಾಚಿದ್ದ ಕಾಲು ಮಡಚಿ ದಾರಿ ಬಿಟ್ಟರು. ಅವಳು ಹಿಂತಿರುಗುವವರೆಗೆ ನಾನು ಗಡಿಯಾರ ನೋಡುತ್ತಲೇ ಇದ್ದೆ. ಹನ್ನೊಂದು ನಿಮಿಷ.