ಪುಟ್ಟಸ್ವಾಮಿ ಮತ್ತು ಒಂದು ತಾಳಿ ಬೊಟ್ಟು

ಅಗೆದ ಗುಂಡಿಯನ್ನು ಮುಚ್ಚಿ, ಅಂಗೈಯಿಂದ ಎರಡು ಸಲ ತಟ್ಟದೆ ಪುಟ್ಟಸ್ವಾಮಿಯವರು ಮುಂದಿನ ಹೆಜ್ಜೆ ಇಡುತ್ತಿರಲಿಲ್ಲ. ಕಿವಿಗೆ ದಪ್ಪ ಹೆಡ್‌ಫೋನು, ಕೈಯಲ್ಲಿ ಉದ್ದ ಕೋಲಿನ ತುದಿಗೆ ತಟ್ಟೆ ಕಟ್ಟಿದಂತಿದ್ದ ಮೆಟಲ್ ಡಿಟೆಕ್ಟರು, ಸೊಂಟಕ್ಕೊಂದು ಚೀಲ. ಭಾನುವಾರ ಅಮೆರಿಕದ ಸಾಂಟಾ ಕ್ಲಾರಾದ ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಪಾರ್ಕಿನಲ್ಲಿ ಅವರು ನೆಲ ನೋಡಿಕೊಂಡು ನಡೆಯುತ್ತಿದ್ದರೆ ನಮ್ಮ ಕನ್ನಡದವರು ಕಿಟಕಿಯಲ್ಲಿ ನಿಂತು ನಗುತ್ತಿದ್ದರು. ಎಂಬತ್ತರ ದಶಕದಲ್ಲಿ ಅಲ್ಲಿದ್ದುದೇ ಬೆರಳೆಣಿಕೆಯ ಕನ್ನಡದ ಮನೆಗಳು. ಅಷ್ಟರಲ್ಲೂ ಮೇಲು ಕೀಳು ಬಿಟ್ಟಿರಲಿಲ್ಲ. ನಮ್ಮ ಗಂಡಂದಿರು ಇಂಜಿನಿಯರುಗಳು, ಪುಟ್ಟಸ್ವಾಮಿ ಕಂಪ್ಯೂಟರ್ ಚಿಪ್ ಕಾರ್ಖಾನೆಯ ಟೆಕ್ನಿಷಿಯನ್. ಅವರ ಹಾಸನದ ಕಡೆಯ ಮಾತು ಕೂಡ ನಮಗೆ ತಮಾಷೆಯೇ. ಬೆನ್ನ ಹಿಂದೆ ಎಲ್ಲರೂ ಅವರನ್ನು ಏಕವಚನದಲ್ಲಿ ಕರೆಯುತ್ತಿದ್ದೆವು, ನಾನೂ ಸೇರಿ.

ಆ ಮೆಷಿನ್ನಿಗೆ ಅವರು ಒಂದು ತಿಂಗಳ ಬಾಡಿಗೆಯಷ್ಟು ಕೊಟ್ಟಿದ್ದರು. ಅದು ಗೊತ್ತಾದ ದಿನದಿಂದ ನನ್ನ ಗಂಡನ ಆಫೀಸಿನ ಮೋಹನನಿಗೆ ಅದೇ ಕಾಲಕ್ಷೇಪ.

“ಏನ್ ಪುಟ್ಟಸ್ವಾಮಿ, ಹಾಕಿದ ದುಡ್ಡು ವಾಪಸ್ ಬಂತಾ? ಚಿಲ್ಲರೆ ಹೆಕ್ಕಿ ಹೆಕ್ಕಿ ಮನೆ ತಗೋತೀರಾ?”

“ನಿಮ್ ವಿಸಿಆರು ಎಷ್ಟು ವಾಪಸ್ ಕೊಡ್ತು ಸಾರ್?” ಎಂದು ಅವರು ನಕ್ಕುಬಿಡುತ್ತಿದ್ದರು.

ಒಮ್ಮೆ ನಾನು ನಿಜವಾಗಿಯೂ ತಿಳಿಯುವ ಆಸೆಯಿಂದ ಕೇಳಿದೆ, ಇದರಲ್ಲಿ ಅಂಥದ್ದೇನಿದೆ ಎಂದು. “ಚಿನ್ನದುಂಗ್ರಕ್ಕೂ ಸೋಡಾ ಡಬ್ಬದ ರಿಂಗ್ಗೂ ಇದು ಒಂದೇ ಥರ ಕೂಗ್ತದೆ ಕಣಕ್ಕ. ಅದ್ಕೇ ಯಾವ್ದನ್ನೂ ಬುಡಂಗಿಲ್ಲ. ಬಗ್ಗಿ ಅಗ್ದು ನೋಡ್ಬೇಕು” ಎಂದರು. ಸಿಕ್ಕ ಉಂಗುರಗಳನ್ನು ಒಂದು ಕಾಫಿ ಡಬ್ಬದಲ್ಲಿಟ್ಟಿದ್ದರು. ಒಂದೊಂದಕ್ಕೂ ಒಂದು ಚೀಟಿ, ಎಲ್ಲಿ ಸಿಕ್ಕಿತು, ಯಾವ ದಿನ ಎಂದು. ಪಾರ್ಕಿನ ಬೋರ್ಡಿಗೂ ಚೀಟಿ ಅಂಟಿಸಿ ಬರುತ್ತಿದ್ದರು. ಒಬ್ಬ ಅಮೆರಿಕನ್ ಮುದುಕಿ ತೀರಿಹೋದ ಗಂಡನ ಉಂಗುರ ಕಂಡು ಅಳುತ್ತಾ ಹೋದಳಂತೆ. ಅದನ್ನು ಹೇಳುವಾಗ ಪುಟ್ಟಸ್ವಾಮಿಯವರ ಮುಖ ನೋಡಬೇಕಿತ್ತು.

ಆ ವರ್ಷದ ಯುಗಾದಿ ಪಿಕ್ನಿಕ್ಕು ಹಾಫ್ ಮೂನ್ ಬೇ ಸಮುದ್ರದ ದಂಡೆಯಲ್ಲಿ. ಖೋಖೋ ಆಡುವಾಗ ಮೋಹನನ ಹೆಂಡತಿ ವಿಮಲಾಳ ತಾಳಿ ಸರ ಕಿತ್ತುಹೋಯಿತು. ಕರಿಮಣಿ, ಎರಡು ಬೊಟ್ಟು, ಎಲ್ಲ ಮರಳಿನ ಪಾಲಾಯಿತು. ವಿಮಲಾ ಕತ್ತು, ಸೆರಗು ತಡಕಿಕೊಳ್ಳುತ್ತಾ ಬಂದು ಜಮಖಾನದ ಮೇಲೆ ಕೂತಳು. “ಪುಟ್ಟಸ್ವಾಮಿ, ಮೆಷಿನ್ ತಂದಿದ್ದೀರಾ?” ಎಂದು ಮೋಹನ ಮೊದಲ ಸಲ ನಗದೆ ಕೇಳಿದ. ಪುಟ್ಟಸ್ವಾಮಿ ಕಡ್ಡಿಯಿಂದ ಮರಳಿನ ಮೇಲೆ ಪಾತಿಗಳಂತೆ ಗೆರೆ ಎಳೆದು, ಒಂದೊಂದೇ ಪಾತಿ ಮುಗಿಸುತ್ತಾ ಹೋದರು. ಬೀಪ್ ಎಂದಲ್ಲೆಲ್ಲ ಮಂಡಿಯೂರಿದರು. ಬಿಯರ್ ಮುಚ್ಚಳ, ಮೊಳೆ, ಡಬ್ಬದ ರಿಂಗು. ಅವರ ತಟ್ಟೆಯ ಪುಳಿಯೋಗರೆ ಒಣಗಿತು. ನಾಲ್ಕು ಗಂಟೆಯ ಹೊತ್ತಿಗೆ ಸರ ಸಿಕ್ಕಿತು, ಗಂಡನ ಮನೆಯ ಬೊಟ್ಟೂ ಸಿಕ್ಕಿತು. ತವರಿನ ಬೊಟ್ಟು ಸಿಗಲಿಲ್ಲ. ನೀರು ಏರುತ್ತಾ ಬಂತು. ಮೋಹನ ಇಪ್ಪತ್ತು ಡಾಲರಿನ ನೋಟು ಚಾಚಿದ.

“ಅಯ್ಯೋ ಬ್ಯಾಡ ಸಾರ್. ಮುಂದಿನ್ವಾರ ಬತ್ತೀನಿ, ಎಲ್ಲೋಯ್ತದೆ ಅದು.”

ಆ ನೋಟು ಬೇಡ ಎಂದದ್ದೇ ಅವರ ಅಪರಾಧವಾಯಿತು. “ದುಡ್ಡು ಬೇಡ ಅಂದಾಗ್ಲೇ ನನಗೆ ಡೌಟು ಬಂತು” ಎಂದ ಮೋಹನ. ಗುರುವಾರ ಸಂಜೆ ಮೋಹನ, ನನ್ನ ಗಂಡ, ನಾನು ಅವರ ಮನೆಗೆ ಹೋದೆವು.

“ಸುಮ್ನೆ ಒಂದ್ಸಲ ನೋಡೋಣ ಅಂತ. ಚೀಲದ ಮೂಲೇಲಿ ಸಿಕ್ಕಾಕ್ಕೊಂಡಿದ್ರೆ?” ಎಂದ ಮೋಹನ.

“ನೋಡಿ ಸಾರ್” ಎಂದು ಪುಟ್ಟಸ್ವಾಮಿ ಪೇಪರಿನ ಮೇಲೆ ಚೀಲ ಕೊಡವಿದರು. ಮೋಹನನ ಕಣ್ಣು ಕಾಫಿ ಡಬ್ಬದ ಮೇಲೆ ಹೋಯಿತು. ಅದನ್ನೂ ತಂದು ಒಂದೊಂದೇ ಚೀಟಿ ಬಿಚ್ಚಿ ತೋರಿಸಿದರು. ಮೋಹನ ಬೆರಳಿನಿಂದ ಕೆದಕಿದ, ತರಕಾರಿ ಅಂಗಡಿಯಲ್ಲಿ ಬೆಂಡೆಕಾಯಿ ಆರಿಸುವ ಹಾಗೆ. ಪುಟ್ಟಸ್ವಾಮಿಯವರ ಹೆಂಡತಿ ಜಯಮ್ಮ ಕಾಫಿ ತಂದರು. ಮೋಹನ ಬೇಡ ಎಂದ. ನನ್ನ ಗಂಡನೂ ಬೇಡ ಎಂದರು. ನಾನೂ ಬೇಡ ಎಂದೆ. ನೆನೆಸಿಕೊಂಡರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಆಮೇಲೆ ಪ್ರತಿ ಭಾನುವಾರ ಅವರೊಬ್ಬರೇ ಬೆಟ್ಟ ದಾಟಿ ಸಮುದ್ರಕ್ಕೆ ಹೋಗುತ್ತಿದ್ದರು. ಅದಕ್ಕೂ ಮಾತು: “ಕಳ್ಳನಿಗೊಂದು ಪಿಳ್ಳೆ ನೆವ.”

ವರಮಹಾಲಕ್ಷ್ಮಿ ಹಬ್ಬಕ್ಕೆ ವಿಮಲಾ ಕುಂಕುಮಕ್ಕೆ ಕರೆದಿದ್ದಳು. ನೋಡಿದರೆ ಕತ್ತಿನಲ್ಲಿ ಎರಡೂ ಬೊಟ್ಟು.

“ಹೊಸದು ಮಾಡಿಸಿದ್ಯಾ?”

“ಇಲ್ಲ ರೀ, ಅದೇನೇ. ಪಿಕ್ನಿಕ್ಕಿಗೆ ಹಾಸಿದ್ವಲ್ಲ ಜಮಖಾನ, ಕೊಡವಿದಾಗ ಬಿತ್ತು. ಮೇ ತಿಂಗಳಲ್ಲೇ.”

“ಪುಟ್ಟಸ್ವಾಮಿಯವರಿಗೆ ಹೇಳಿದ್ಯಾ?”

“ಹೇಗೆ ಹೇಳೋದು? ಇವರಿಗೆ ಎಂಬ್ಯಾರಸ್ಸು. ತಾವಾಗೇ ಮರೀತಾರೆ ಬಿಡಿ.”

ಮೇ ತಿಂಗಳಲ್ಲಿ! ಮೂರು ತಿಂಗಳು ಆ ಮನುಷ್ಯ ಇವರ ಮನೆಯ ಜಮಖಾನದಲ್ಲಿ ಆಗಲೇ ಸಿಕ್ಕಿದ್ದ ಬೊಟ್ಟಿಗಾಗಿ ಮರಳು ಅಗೆದಿದ್ದರು, ಇವರು ಸುಮ್ಮನೆ ನೋಡಿಕೊಂಡಿದ್ದರು. ತಾಂಬೂಲವನ್ನು ಅಲ್ಲೇ ಬಿಟ್ಟು ನೆಟ್ಟಗೆ ಪುಟ್ಟಸ್ವಾಮಿಯವರ ಮನೆಗೆ ಹೋದೆ.

“ಸಿಕ್ತಾ? ಸದ್ಯ ಕಣಕ್ಕ, ಆಯಮ್ಮನ ತವರಿಂದು” ಎಂದರು ಮೊದಲು. ನನಗೆ ಅಳು ಬಂತು. ಅವರು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. “ನನ್ಗೆ ಯೇಳಿದ್ರಿ, ಸರಿ. ಪಿಕ್ನಿಕ್ಕಿಗೆ ಬಂದಿದ್ರಲ್ಲ, ಅವ್ರಿಗೆಲ್ಲ ಯೇಳ್ಬೇಕು ಅಕ್ಕ. ಇವ್ಳು ಯಾರ್ ಮನೇಗೂ ಬರಾಕಿಲ್ಲ ಅಂತಾಳೆ. ಕಳ್ಳನ ಎಂಡ್ರು ಅಂತಾರೆ ಅಂತ.”

“ಹೇಳ್ತೀನಿ” ಎಂದೆ.

ಹೇಳಲಿಲ್ಲ. “ಮೋಹನ್ ನನ್ನ ಗ್ರೂಪಿನ ಲೀಡು, ಈಗ ಬೇಡ ಕಣೆ” ಎಂದರು ನನ್ನ ಗಂಡ. ಗಣೇಶನ ಹಬ್ಬ ಹೋಯಿತು, ದೀಪಾವಳಿ ಹೋಯಿತು, ರಾಜ್ಯೋತ್ಸವದಲ್ಲಿ ಕನ್ನಡದ ಅಭಿಮಾನದ ಬಗ್ಗೆ ಭಾಷಣಗಳೂ ಆದವು. ನಾನು ಬಾಯಿ ಬಿಡಲಿಲ್ಲ. ಮೋಹನನ ಮೇಲಿನ ಸಿಟ್ಟಿಗಿಂತ ನನ್ನ ಮೇಲಿನ ಸಿಟ್ಟು ದೊಡ್ಡದು. ಚಳಿಗಾಲದಲ್ಲಿ ಒಂದು ದಿನ ಪುಟ್ಟಸ್ವಾಮಿಯವರ ಮೇಲ್‌ಬಾಕ್ಸಿನ ಮೇಲೆ ಬೇರೆ ಹೆಸರಿತ್ತು. ಅರಿಜೋನಾಕ್ಕೆ ಹೋದರಂತೆ, ಯಾರಿಗೂ ಹೇಳದೆ.

ಮರು ಯುಗಾದಿಗೆ ಶಾಲೆಯೊಂದರ ಹಾಲ್‌ನಲ್ಲಿ ಎಲ್ಲರೂ ಸೇರಿದಾಗ, ನನ್ನ ಗಂಡ ಸೆರಗು ಜಗ್ಗಿದರೂ ಬಿಡದೆ ಮೈಕ್ ಹಿಡಿದೆ. ಜಮಖಾನ, ಮೇ ತಿಂಗಳು, ಕಾಫಿ ಡಬ್ಬ, ಮೋಹನನ ಹೆಸರು, ನನ್ನ ಹೆಸರು, ಒಂದನ್ನೂ ಬಿಡದೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿದ್ದ ಮೋಹನನೂ ತಟ್ಟಿದ. “ಪಾಪ, ವೆರಿ ನೈಸ್ ಮ್ಯಾನ್” ಎಂದು ಪಕ್ಕದವರಿಗೆ ಹೇಳಿ ಒಬ್ಬಟ್ಟಿನ ಸಾಲಿಗೆ ಎದ್ದುಹೋದ.

ಕೇಳಬೇಕಾಗಿದ್ದವರು ಜಯಮ್ಮ ಒಬ್ಬರೇ. ಅವರ ಫೋನ್ ನಂಬರು ಆ ಹಾಲ್‌ನಲ್ಲಿ ಯಾರ ಹತ್ತಿರವೂ ಇರಲಿಲ್ಲ.